ಹೊಳೆ ಕೊಟ್ಟ ಚೂರು

೧೪ ಅಕ್ಟೋಬರ್ ೧೯೭೮, ಶನಿವಾರ. ಹೊನ್ನಾವರ

ದವಾಖಾನೆಯ ರಿಜಿಸ್ಟರಿನಲ್ಲಿ ‘ರದ್ದಾದ ಕಾರಣ’ ಎಂಬ ಕಲಮು ಒಂದೂವರೆ ಇಂಚು ಅಗಲವಿದೆ. ಅದರಲ್ಲಿ ಹಿಡಿಯದ್ದನ್ನು ಬರೆದಿಡಲು ಈ ನೋಟುಬುಕ್ಕು. ಬೇರೆ ಯಾರೂ ಓದಬೇಕಾಗಿಲ್ಲ.

ಇಂದು ತಿಂಗಳ ಎರಡನೆಯ ಶನಿವಾರ, ಮಕ್ಕಳ ಆಪರೇಷನ್ನಿನ ದಿನ. ಮಂಗಳೂರಿನ ಡಾಕ್ಟರು ನಿದ್ದೆಯ ಮದ್ದು ಕೊಡುವ ಡಾಕ್ಟರಮ್ಮನನ್ನು ಕರೆದುಕೊಂಡು ನಿನ್ನೆ ಸಂಜೆಯೇ ಬಂದಿದ್ದರು. ಪಟ್ಟಿಯಲ್ಲಿ ಏಳು ಮಕ್ಕಳು. ಆದದ್ದು ಮೂರು. ಒಬ್ಬನಿಗೆ ಜ್ವರ. ಕತಗಾಲದ ಒಬ್ಬಳು ಬರಲೇ ಇಲ್ಲ. ಉಳಿದ ಇಬ್ಬರು ಆಮ್ಲಜನಕದ ಸಿಲಿಂಡರು ಮುಗಿದದ್ದರಿಂದ ಹೊರಗಿನ ಬೆಂಚಿನಲ್ಲೇ ಉಳಿದರು. ಹೊಸ ಸಿಲಿಂಡರಿಗೆ ಬರೆದ ಪತ್ರ ಸಹಿಯಾಗದೆ ನನ್ನ ಮೇಜಿನ ಮೇಲೆ ಎಂಟು ದಿನ ಇತ್ತು. ಕಲಮಿನಲ್ಲಿ ‘ಆಡಳಿತಾತ್ಮಕ’ ಎಂದು ಬರೆದೆ. ಇಂಥವಕ್ಕೆಲ್ಲ ಅದೇ ಪದ.

ಉಳಿದವರಲ್ಲಿ ನಂ. ೬: ಹುಡುಗಿ, ಐದು ವರ್ಷ, ಕಾಸರಕೋಡು. ಎರಡು ವರ್ಷದವಳಿದ್ದಾಗ ಭತ್ತ ಬೇಯಿಸುವ ಒಲೆಯ ಕೆಂಡದಲ್ಲಿ ಬಲಗೈ ಊರಿದಳಂತೆ. ಸೊಪ್ಪಿನ ಮದ್ದು ಹಾಕಿ ಮುಷ್ಟಿ ಕಟ್ಟಿದ್ದರು. ಗಾಯ ಮಾಯಿತು, ಮುಷ್ಟಿ ಬಿಚ್ಚಲಿಲ್ಲ. ಜೊತೆಗೆ ಬಂದವಳು ತಾಯಿಯ ತಾಯಿ, ಗಣಪಿ. ಮೀನುಗಾರರ ಕೇರಿಯವಳು. ಮಧ್ಯಾಹ್ನ ಎರಡರವರೆಗೆ ಕುಳಿತು, ನನ್ನ ಮೇಜಿನ ಹತ್ತಿರ ಬಂದಳು.

“ಎಂತ ಆತು, ಕಾರಕೂನ್ರೆ? ನಮ್ಮ ಸರದಿ ಬರ್ಲೇ ಇಲ್ಲ.”

“ಮುಂದಿನ ತಿಂಗಳು ಬನ್ನಿ. ಹನ್ನೊಂದನೇ ತಾರೀಖು.”

“ತಾರೀಕು ನಿಮ್ಗೆ. ನಂಗೆ ಅಮಾಸಿ ಹೇಳಿ.”

ಪಂಚಾಂಗ ನೋಡಿ, ದೀಪಾವಳಿ ಅಮಾವಾಸ್ಯೆ ಕಳೆದು ಹನ್ನೊಂದನೆಯ ದಿನ ಎಂದೆ. ಅವಳು ಬೆರಳಲ್ಲಿ ಎಣಿಸಿ, ಹುಡುಗಿಯನ್ನು ಸೊಂಟಕ್ಕೆ ಏರಿಸಿಕೊಂಡು ಹೋದಳು. ಹುಡುಗಿ ನಿನ್ನೆ ರಾತ್ರಿಯಿಂದ ಏನೂ ತಿಂದಿರಲಿಲ್ಲ ಎಂದು ಆಮೇಲೆ ಹೊಳೆಯಿತು.

೧೧ ನವೆಂಬರ್, ಶನಿವಾರ

ಪಟ್ಟಿಯಲ್ಲಿ ಆರು. ಆದದ್ದು ಎರಡು. ಒಬ್ಬನಿಗೆ ಕೆಮ್ಮು. ಮೂವರು ತಿಂದುಕೊಂಡು ಬಂದಿದ್ದರು.

ಮೂವರಲ್ಲಿ ಕಾಸರಕೋಡಿನ ಹುಡುಗಿಯೂ ಒಬ್ಬಳು. ಬಟ್ಟೆ ಬದಲಿಸುವಾಗ ಮಾದೇವಿ ಸಿಸ್ಟರ್ ಅವಳ ಬಾಯಿ ತೆರೆಸಿ ನೋಡಿದರೆ ದವಡೆಯಲ್ಲಿ ತೆಂಗಿನಕಾಯಿಯ ಚೂರು. ಬೆಲ್ಲದ ವಾಸನೆ.

“ಹೇಳ್ಲಿಲ್ವೇನಮ್ಮಾ ನಿನಗೆ? ನೀರೂ ಕೊಡಬೇಡ ಅಂದಿದ್ದೆ!” ಎಂದು ಸಿಸ್ಟರ್ ಕೂಗಿದರು.

“ನಾ ಎಂತದೂ ಕೊಡ್ಲಿಲ್ಲ” ಎಂದಳು ಗಣಪಿ. ಕಣ್ಣು ಕೆಳಗೆ ಹಾಕಲಿಲ್ಲ.

ಡಾಕ್ಟರು ಕೈಗವಸು ಕಳಚಿ ನನ್ನ ಕೋಣೆಗೆ ಬಂದರು. “ನಿದ್ದೆ ಮಾಡಿಸಿದ ಮೇಲೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂತೆಂದರೆ ಸೀದಾ ಶ್ವಾಸಕ್ಕೆ ಹೋಗ್ತದೆ ಮಾರಾಯ್ರೆ. ಮಗು ಕೆಮ್ಮಲಿಕ್ಕೂ ಎಚ್ಚರ ಇರುವುದಿಲ್ಲ. ಕೈ ಸರಿ ಮಾಡಲು ಹೋಗಿ ಜೀವ ಕಳೆಯಲಿಕ್ಕೆ ನನ್ನಿಂದಾಗದು” ಎಂದರು. ತಡವಾದಷ್ಟೂ ಕೈಯ ಕೆಲಸ ಕಷ್ಟ, ಬೆಳೆಯುವ ಎಲುಬು ಮುಷ್ಟಿಯೊಳಗೇ ಬಾಗಿ ಗಟ್ಟಿಯಾಗುತ್ತದೆ, ಆರು ತುಂಬುವ ಮೊದಲೇ ಆಗಬೇಕು ಎಂದೂ ಹೇಳಿದರು.

ಕಲಮಿನಲ್ಲಿ ಬರೆದೆ: ‘ಪಾಲಕರ ನಿರ್ಲಕ್ಷ್ಯ. ಸುಳ್ಳು ಹೇಳಿಕೆ.’

ನಾನು ಪತ್ರಿಕೆಗೆ ತಾಲೂಕಿನ ಸುದ್ದಿ ಕಳಿಸುವವನು. ಹದಿನಾಲ್ಕು ವರ್ಷದಿಂದ ಕಳಿಸುತ್ತಿದ್ದೇನೆ, ಒಂದು ಸಲವೂ ತಿದ್ದುಪಡಿ ಹಾಕಬೇಕಾಗಿ ಬಂದಿಲ್ಲ. ಸಂಜೆ ಆರು ಸಾಲು ಬರೆದು ಬಸ್ಸಿಗೆ ಕೊಟ್ಟೆ.

೧೬ ನವೆಂಬರ್

ಐದನೆಯ ಪುಟದಲ್ಲಿ ಬಂದಿದೆ. ‘ಪಾಲಕರ ಅಜ್ಞಾನ: ಮಕ್ಕಳ ಶಸ್ತ್ರಚಿಕಿತ್ಸೆ ರದ್ದು.’ ಊರು, ದಿನಾಂಕ, ಸಂಖ್ಯೆ ಎಲ್ಲ ಸರಿಯಾಗಿವೆ. ಕಾಸರಕೋಡು ಎಂಬ ಹೆಸರನ್ನು ಅವರು ಉಳಿಸಿಕೊಂಡಿದ್ದಾರೆ.

೯ ಡಿಸೆಂಬರ್, ಶನಿವಾರ

ಪಟ್ಟಿಯಲ್ಲಿ ಏಳು. ಆದದ್ದು ಮೂರು. ಕಾಸರಕೋಡಿನ ಹುಡುಗಿ ಬರಲಿಲ್ಲ. ಕಾರ್ಡು ಹಾಕಿದ್ದೆ.

ದವಾಖಾನೆಯ ಅಧ್ಯಕ್ಷರು ಮಧ್ಯಾಹ್ನ ಬಂದರು. ಕೈಯಲ್ಲಿ ನನ್ನ ಆರು ಸಾಲಿನ ಕತ್ತರಿಸಿದ ತುಣುಕು. “ಜನಕ್ಕೇ ಬೇಡ ಅಂದಮೇಲೆ ಡಾಕ್ಟರನ್ನು ಅಷ್ಟು ದೂರದಿಂದ ಯಾಕೆ ಕರೆಸಬೇಕು? ನೀವೇ ಬರೆದಿದ್ದೀರಲ್ಲ, ಚೆನ್ನಾಗಿ ಬರೆದಿದ್ದೀರಿ” ಎಂದರು. ಫೆಬ್ರವರಿವರೆಗೆ ನೋಡುವುದು, ಸುಧಾರಿಸದಿದ್ದರೆ ಮಕ್ಕಳ ದಿನ ನಿಲ್ಲಿಸುವುದು ಎಂದು ತೀರ್ಮಾನ.

ಚೆನ್ನಾಗಿ ಬರೆದಿದ್ದೀರಿ ಎಂದು ಇವರು ಈವರೆಗೆ ಒಮ್ಮೆಯೂ ಅಂದಿರಲಿಲ್ಲ.

೧೭ ಡಿಸೆಂಬರ್, ಭಾನುವಾರ

ಲಾಂಚಿನಲ್ಲಿ ಹೊಳೆ ದಾಟಿ ಕಾಸರಕೋಡಿಗೆ ಹೋಗಿದ್ದೆ. ಯಾಕೆ ಬರಲಿಲ್ಲ ಎಂದು ಕೇಳಿಕೊಂಡು ಬರಲು, ಅಷ್ಟೇ.

ಗಣಪಿ ದಂಡೆಯಲ್ಲಿ ಕುಳಿತು ಬಂಗಡೆ ಮೀನು ಸೀಳಿ ಉಪ್ಪು ತುಂಬುತ್ತಿದ್ದಳು. ನನ್ನನ್ನು ದೂರದಿಂದಲೇ ಗುರುತು ಹಿಡಿದಳು.

“ಏ ಶನಿಯಾರ, ಅಂಗಿ ಹಾಕಂಡ್ ಬಾರೋ. ಪೇಪರಿನವ್ರು ಬಂದ್ರು, ಫೋಟೋ ತೆಗೀತ್ರು!”

ಶನಿಯಾರ ಅವಳ ಅಳಿಯ, ಹುಡುಗಿಯ ತಂದೆ. ಬಲೆ ಹೆಣೆಯುತ್ತಿದ್ದವನು ನಕ್ಕ. ಸುತ್ತಲಿನ ಹೆಂಗಸರೂ ನಕ್ಕರು. ಆ ಸುದ್ದಿಯನ್ನು ಚಹಾದ ಅಂಗಡಿಯಲ್ಲಿ ಯಾರೋ ಜೋರಾಗಿ ಓದಿದ್ದರಂತೆ.

“ಒಂಬತ್ತನೇ ತಾರೀಖು ಬರಬೇಕಿತ್ತಲ್ಲ” ಎಂದೆ.

“ಬಂಗಡಿ ಬಂದಿತ್ತು” ಎಂದ ಶನಿಯಾರ. “ರಂಪಣಿ ಬಿಟ್ರೆ ಇಡೀ ಕೇರಿ ಹಗ್ಗ ಹಿಡೀಬೇಕು. ಒಂದ್ ಮನಿ ಕೈ ಬಿಟ್ರೂ ಬಲಿ ಬದಿಗೆ ಬರೂದಿಲ್ಲ. ಬಂಗಡಿ ಎಂತ ನಿಮ್ಮ ಡಾಕ್ಟ್ರ ಹಾಗೆ ಕಾರ್ಡು ಬರ್ದು ಬತ್ತದ್ಯಾ?”

ಇದು ಸತ್ಯ. ರಂಪಣಿ ಎಂದರೆ ಸಮುದ್ರದ ಅರ್ಧ ಮೈಲಿಯನ್ನೇ ಸುತ್ತುವರಿಯುವ ಬಲೆ. ಅದನ್ನು ನೂರಾರು ಜನ ದಂಡೆಯಿಂದ ಎಳೆಯಬೇಕು. ಅದಕ್ಕೆ ಎರಡನೆಯ ಶನಿವಾರ ಗೊತ್ತಿಲ್ಲ.

“ನವೆಂಬರಿನಲ್ಲಿ ಬಂಗಡೆ ಬಂದಿರಲಿಲ್ಲ. ಹುಡುಗಿಗೆ ತಿನ್ನಿಸಿ ಸುಳ್ಳು ಹೇಳಿದಿರಿ.”

ಗಣಪಿಯ ಕತ್ತಿ ನಿಂತಿತು. “ನಾ ಸುಳ್ಳು ಹೇಳ್ಲಿಲ್ಲ. ನಾ ಕೊಡ್ಲಿಲ್ಲ ಎಂದೆ, ಕೊಡ್ಲಿಲ್ಲ. ನೀವು ಕೇಳ್ಲೂ ಇಲ್ಲ, ಬರ್ಕಂಡ್ರಿ.”

ಅಷ್ಟರಲ್ಲಿ ಹುಡುಗಿ ಏಡಿಯೊಂದನ್ನು ಹಿಡಿದು ತಂದಳು. ಬಲ ಮುಷ್ಟಿಯಿಂದ ಅದರ ಬೆನ್ನನ್ನು ಮರಳಿಗೆ ಒತ್ತಿ, ಎಡಗೈಯಿಂದ ಕೊಂಬು ಮುರಿದಳು. ಮೊಣಕೈ ಮತ್ತು ಪಕ್ಕೆಯ ನಡುವೆ ಬುಟ್ಟಿ ಹಿಡಿದಳು. ಮೀನನ್ನು ಮುಷ್ಟಿಯ ಗಂಟಿನ ಮೇಲೆ ತೂಗಿಸಿ ಎಸೆದಳು, ಸರಿಯಾಗಿ ರಾಶಿಯ ನಡುವೆಯೇ ಬಿತ್ತು. ಹದಿನೈದು ನಿಮಿಷ ನೋಡಿದೆ. ಹಿಡಿಯಲು ಬಾರದ ಕೈಯಿಂದ ಅವಳು ಮಾಡದ ಕೆಲಸ ಇರಲಿಲ್ಲ. ರಿಜಿಸ್ಟರಿನಲ್ಲಿ ‘ಬಲಗೈ ನಿರುಪಯುಕ್ತ’ ಎಂದಿದೆ. ನನ್ನದೇ ಅಕ್ಷರ.

ಹುಡುಗಿಯ ಹೆಸರು ಬೆಳ್ಳಿ.

ಜನವರಿ ಹದಿಮೂರಕ್ಕೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿಬಿಟ್ಟೆ. ಇದನ್ನು ಯಾಕೆ ಹೇಳಿದೆನೋ ತಿಳಿಯದು. ನನ್ನ ಕೆಲಸವಲ್ಲ.

೧೩ ಜನವರಿ ೧೯೭೯, ಶನಿವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಬೆಳಿಗ್ಗೆ ಆರೂವರೆಯ ಮೊದಲ ಲಾಂಚು, ಕಾಸರಕೋಡಿನಿಂದ ಹೊನ್ನಾವರಕ್ಕೆ. ನಡೆಸುವವನು ಕುಪ್ಪ. ನಾನು, ಗಣಪಿ, ಬೆಳ್ಳಿ. ಮುಂದಿನ ಹಲಗೆಯಲ್ಲಿ ಪಟ್ಟಿಯ ಇನ್ನೂ ಮೂರು ಮಕ್ಕಳು: ತಾಯಿಯ ಜೊತೆ ಬಂದ, ನವಾಯಿತ ಮುಸಲ್ಮಾನರಾದ ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರ ಮಗ; ಅಪ್ಸರಕೊಂಡದ ಕಡೆಯ ಒಂದು ಹುಡುಗಿ; ಶಿವ ಎಂಬ ಅಂಡವಾಯುವಿನ ಹುಡುಗ, ತಾಯಿ ಲಕ್ಕಿಯ ಜೊತೆ. ಲಾಂಚು ಬಿಡುವ ಮೊದಲು ಪ್ರತಿಯೊಬ್ಬರನ್ನೂ ಕೇಳಿದೆ. ಯಾರೂ ಏನೂ ಕೊಟ್ಟಿರಲಿಲ್ಲ. ನಾಲ್ಕು ಮಕ್ಕಳ ಬಾಯಿಯನ್ನೂ ನೋಡಿದೆ. ಒಣಗಿದ್ದವು.

ಹೊಳೆಯ ನಡುವೆ ಬಂದಾಗ ಕುಪ್ಪ ಯಂತ್ರದ ವೇಗ ತಗ್ಗಿಸಿದ. ಎಡಕ್ಕೆ ಅಳಿವೆ, ಅದರಾಚೆ ಸಮುದ್ರ ಬಿಳಿಯಾಗಿ ಒಡೆಯುವುದು ಕಾಣುತ್ತಿತ್ತು. ಲಕ್ಕಿ ಎದ್ದು ನಿಂತಳು. ಸೆರಗಿನಿಂದ ತೆಂಗಿನಕಾಯಿ ತೆಗೆದು ಲಾಂಚಿನ ಕಬ್ಬಿಣಕ್ಕೆ ಒಡೆದಳು. ಮೊದಲ ಚೂರನ್ನೂ ಒಂದು ಹಳಕು ಬೆಲ್ಲವನ್ನೂ ನೀರಿಗೆ ಬಿಟ್ಟಳು. ಉಳಿದದ್ದನ್ನು ಚಕಚಕನೆ ಚೂರು ಮಾಡಿ, ಬೆಲ್ಲ ಇಟ್ಟು, ಲಾಂಚಿನಲ್ಲಿದ್ದ ಮಕ್ಕಳ ಬಾಯಿಗೆಲ್ಲ ಹಾಕುತ್ತ ಬಂದಳು. ಶಿವನಿಗೆ, ಭಟ್ಕಳದ ಹುಡುಗನಿಗೆ, ಅಪ್ಸರಕೊಂಡದವಳಿಗೆ, ಬೆಳ್ಳಿಗೆ. ಯಾರ ಮಗು, ಯಾವ ಜಾತಿ ಎಂದು ಅವಳು ನೋಡಲಿಲ್ಲ. ಭಟ್ಕಳದ ತಾಯಿ ತಾನೇ ಮಗನ ಗದ್ದ ಎತ್ತಿ ಹಿಡಿದಳು. ಎಷ್ಟು ಸಹಜವಾಗಿ ನಡೆಯಿತೆಂದರೆ, ಕೂಗಬೇಕೆಂದು ನನಗೆ ತೋಚುವ ಹೊತ್ತಿಗೆ ನಾಲ್ಕು ಬಾಯಿಗಳೂ ಅಗಿಯುತ್ತಿದ್ದವು.

ನಾನು ಬೆಳ್ಳಿಯ ಬಾಯಿಗೆ ಬೆರಳು ಹಾಕಿದೆ. ಅವಳು ಕಚ್ಚಿದಳು. ಗಣಪಿ ನನ್ನ ರಟ್ಟೆ ಹಿಡಿದು ಎಳೆದಳು.

“ಹೊಳಿ ಕೊಟ್ಟದ್ದನ್ನ ಮಗಿನ ಬಾಯಿಂದ ತೆಗೀತ್ರ್ಯಾ? ಅದೂ ಅಳಿವಿ ಎದುರು?”

“ಕೊಟ್ಟವಳು ಲಕ್ಕಿ!”

“ಲಕ್ಕಿ ಕೈ. ಕೊಟ್ಟದ್ದು ಹೊಳಿ. ನಾ ಅವತ್ತೇ ಹೇಳ್ಲಿಲ್ವಾ, ನಾ ಕೊಡ್ಲಿಲ್ಲ ಎಂದು?”

ಕುಪ್ಪನೂ ತಿರುಗಿ ನೋಡಿದ. “ಎಂತ ಕಾರಕೂನ್ರೆ, ಗೊತ್ತಿಲ್ವಾ ನಿಮ್ಗೆ? ಮಗಿನ ದೊಡ್ಡ ಕೆಲ್ಸಕ್ಕೆ ಕರ್ಕಂಡು ಹೋಗುವಾಗ ಬರಿ ಬಾಯಲ್ಲಿ ಹೊಳಿ ದಾಟಿಸೂದಿಲ್ಲ. ಕಾಯಿ ತಂದವ್ರು ಒಡೀತ್ರು, ಲಾಂಚಿನ ಮಕ್ಕಳಿಗೆಲ್ಲ ಪಾಲು.”

ನಾಲ್ಕೂ ರದ್ದು. ಡಾಕ್ಟರಿಗೆ ನಾನೇ ಹೇಳಿದೆ. ಅವರು ಗೋಡೆಯ ಕ್ಯಾಲೆಂಡರು ತಿರುವಿದರು. ಆಮೇಲೆ, “ಫೆಬ್ರವರಿ ಹತ್ತು. ಆಮೇಲೆ ನಾನು ಬಂದರೂ ಇಲ್ಲಿ ಬಾಗಿಲು ತೆರೆಯುವವರಿರುವುದಿಲ್ಲ, ಅಲ್ವಾ?” ಎಂದರು.

ಬೆಳ್ಳಿ ಕಚ್ಚಿದ ಬೆರಳಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ನಾಲ್ಕು ಹಲ್ಲಿನ ಗುರುತಿದೆ.

೧೪ ಜನವರಿ, ಭಾನುವಾರ. ಸಂಕ್ರಾಂತಿ

ಕುಮಟೆಗೆ ಹೋಗಲಿಲ್ಲ. ಅಮ್ಮ ಎಳ್ಳು ಕಟ್ಟಿಟ್ಟುಕೊಂಡು ಕಾಯುತ್ತಿರಬೇಕು. ದವಾಖಾನೆಯ ಬಾಗಿಲು ತೆಗೆಸಿ ಎರಡು ವರ್ಷದ ರಿಜಿಸ್ಟರು ಹರಡಿಕೊಂಡೆ.

ರದ್ದಾದವು ಒಟ್ಟು ಅರವತ್ತೊಂದು. ಕಾಯಿಲೆಯಿಂದ ಹದಿನೆಂಟು, ಬಾರದವರು ಹನ್ನೆರಡು, ತಿಂದು ಬಂದವರು ಹದಿನಾಲ್ಕು.

ತಿಂದು ಬಂದ ಹದಿನಾಲ್ಕರ ಊರುಗಳನ್ನು ಬೇರೆ ಹಾಳೆಯಲ್ಲಿ ಬರೆದೆ. ಒಂದು ಕತಗಾಲ, ಆ ಹುಡುಗ ಹಾಲು ಕುಡಿದಿದ್ದ. ಉಳಿದ ಹದಿಮೂರೂ ಕಾಸರಕೋಡು, ಅಪ್ಸರಕೊಂಡ, ಭಟ್ಕಳ. ಎಲ್ಲ ಹೊಳೆಯ ದಕ್ಷಿಣಕ್ಕೆ. ಕುಮಟೆಯಿಂದ ಒಂದೂ ಇಲ್ಲ. ಕುಮಟೆಯವರು ಹೆಚ್ಚು ಬುದ್ಧಿವಂತರು ಎಂದು ನಾನು ಎರಡು ವರ್ಷ ನಂಬಿದ್ದೆ, ಒಂದೆರಡು ಸಲ ಹೇಳಿಯೂ ಇದ್ದೆ. ಅವರು ಬಸ್ಸಿನಲ್ಲಿ ಬರುತ್ತಾರೆ, ಅಷ್ಟೇ. ನಡುವೆ ಈ ಹೊಳೆ ಇಲ್ಲ.

ಎರಡು ವರ್ಷದಿಂದ ಒಂದು ಹೊಳೆ ನನ್ನ ರಿಜಿಸ್ಟರಿನ ನಡುವೆ ಹರಿಯುತ್ತಿತ್ತು, ನಾನು ಕಂಡಿರಲಿಲ್ಲ.

ಇನ್ನು ಉಳಿದ ಹದಿನೇಳು ‘ಆಡಳಿತಾತ್ಮಕ’. ನೆನಪಿದ್ದಷ್ಟಕ್ಕೆ ಪೆನ್ಸಿಲಿನಲ್ಲಿ ಬದಿಯಲ್ಲಿ ಬರೆದೆ: ಕರೆಂಟು ಹೋಗಿ ಐದು, ಬಟ್ಟೆ ಉಗಿಯಲ್ಲಿ ಸರಿಯಾಗಿ ಬೇಯದೆ ಮೂರು, ಡಾಕ್ಟರ ಕಾರು ಕೆಟ್ಟು ನಾಲ್ಕು, ಸಿಲಿಂಡರು ಎರಡು. ಒಮ್ಮೆ ಇಬ್ಬರು ಮಕ್ಕಳಿಗೆ ಒಂದೇ ಹೊತ್ತು ಬರೆದಿದ್ದೆ, ಅದೊಂದು. ಎರಡು ನೆನಪಾಗಲಿಲ್ಲ. ಸಿಲಿಂಡರಿನ ಎದುರು ಪೆನ್ಸಿಲು ಬಿಟ್ಟು ಶಾಯಿಯಲ್ಲಿ ಬರೆದೆ: ‘ಪತ್ರ ಕಾರಕೂನನ ಮೇಜಿನ ಮೇಲೆ ಎಂಟು ದಿನ.’

೨೧ ಜನವರಿ, ಭಾನುವಾರ

ಮತ್ತೆ ಕಾಸರಕೋಡು. ಬೆಳ್ಳಿ ದೂರದಿಂದಲೇ ನನ್ನ ಬೆರಳು ನೋಡಿ ಅಜ್ಜಿಯ ಹಿಂದೆ ಅವಿತಳು.

ಗಣಪಿಗೆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ: ನಿದ್ದೆ, ಗಂಟಲು, ಶ್ವಾಸ. ಈ ಸಲ ಬೈಯಲಿಲ್ಲ, ಸಿಸ್ಟರಿನ ಹಾಗೆ ಆಜ್ಞೆಯನ್ನೂ ಮಾಡಲಿಲ್ಲ. ಅವಳು ಪೂರ್ತಿ ಕೇಳಿದಳು.

“ಇದನ್ನ ಯಾರೂ ಹೇಳ್ಲಿಲ್ಲ. ಕೊಡಬೇಡ, ಕೊಡಬೇಡ ಎಂದ್ರು. ಎಂತಕೆ ಎಂದು ಹೇಳ್ಲಿಲ್ಲ.”

“ಚೂರನ್ನು ಎಲೆಯಲ್ಲಿ ಕಟ್ಟಿಟ್ಟು ಆಪರೇಷನ್ ಆದಮೇಲೆ ತಿನ್ನಿಸಬಹುದಲ್ಲ?”

“ಹೊಳಿ ನಡುವೆ ಕೊಟ್ಟದ್ದು ಹೊಳಿ ನಡುವೆ ತಿನ್ಬೇಕು.”

“ಹಿಂದಿನ ದಿನವೇ ದಾಟಿದರೆ?”

“ಮಲಗೂಕೆ ಜಾಗ ಕೊಡ್ತ್ರಾ?” ದವಾಖಾನೆಯಲ್ಲಿ ಹಾಸಿಗೆ ಹನ್ನೆರಡು. ಹನ್ನೆರಡರಲ್ಲೂ ಜನರಿದ್ದಾರೆ.

ಅವಳು ಉಪ್ಪಿನ ಕೈ ಕೊಡವಿದಳು. ಆಮೇಲೆ ಹೇಳಿದಳು. ಮಂಜ ಎಂಬ ಮಗನಿದ್ದನಂತೆ. ಬೆಳ್ಳಿಯ ತಾಯಿ ಕಮಲಿಯ ಅಣ್ಣ. ನಾಲ್ಕು ವರ್ಷದ ಹಿಂದೆ, ಹೊಸ ದೋಣಿಯ ಮೊದಲ ದಿನ, ಹೊತ್ತಾಯಿತೆಂದು ಅವಸರದಲ್ಲಿ ಹೋದ. ಇವಳು ಚೂರು ಹಿಡಿದುಕೊಂಡು ಮೊಣಕಾಲುದ್ದ ನೀರಿನವರೆಗೆ ಓಡಿ ಕೂಗಿದಳು. ಅವನು ಬಂದು ತಿನ್ನುತ್ತೇನೆ ಎಂದು ಕೈಬೀಸಿದ. ಅಳಿವೆಯ ಬಾಯಲ್ಲಿ ದೋಣಿ ಮಗುಚಿತು.

“ಅದಕ್ಕೇ ಹಾಂಗೆ ಆತು ಎಂದು ನಾ ಹೇಳೂದಿಲ್ಲ. ನಂಗೆ ಗೊತ್ತಿಲ್ಲ. ನಿಮ್ಗೆ ಗೊತ್ತದ್ಯಾ?”

“ಇಲ್ಲ” ಎಂದೆ.

ಇಷ್ಟು ವರ್ಷದಲ್ಲಿ ಒಬ್ಬರಿಗೂ ಹೀಗೆ ಉತ್ತರ ಕೊಟ್ಟದ್ದು ನೆನಪಿಲ್ಲ. ಅವಳು ಅದಕ್ಕೆ ತಲೆಯಾಡಿಸಿದಳು.

“ಮಗಿನ ಪಾಲು ಬೇರೆಯವ್ರು ತಿನ್ನೂಕೆ ಒಂದೇ ದಾರಿ. ಸೋದರಮಾವ ತಿಂದ್ರೆ ಮಗು ತಿಂದ ಲೆಕ್ಕ. ಹುಟ್ಟಿದ ಮಗಿಗೂ ಹಾಂಗೇ ಮಾಡ್ತ್ರು, ಹಲ್ಲು ಇಲ್ಲಲ್ಲ. ಬೆಳ್ಳಿ ಮಾವ...” ಎಂದು ಅಳಿವೆಯ ಕಡೆ ಗದ್ದ ತೋರಿಸಿದಳು. ನಂತರ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಿಮ್ಗೆ ಅಕ್ಕ ತಂಗಿ ಇದ್ರಾ?”

“ಇಲ್ಲ.”

“ಹಾಗಾದ್ರೆ ನೀವು ಇನ್ನೂ ಯಾರ ಮಾವನೂ ಆಗ್ಲಿಲ್ಲ.”

ಶನಿಯಾರ ಬಲೆಯ ಹಿಂದಿನಿಂದ, “ಕಾರಕೂನ್ರು ನಮ್ಮ ಕೇರಿಯವ್ರ ಕೈಯಿಂದ ತಿಂತ್ರಾ ಕೇಳು ಮೊದ್ಲು” ಎಂದ. ಯಾರೂ ನಗಲಿಲ್ಲ.

“ತಿನ್ನುತ್ತೇನೆ” ಎಂದೆ. “ಆದರೆ ಉಳಿದ ಮಕ್ಕಳು?”

“ಲಾಂಚಿನಲ್ಲಿ ಒಂದು ಮಗಿಗೆ ಮಾವ ಆದ್ರೆ ಎಲ್ಲ ಮಕ್ಕಳಿಗೂ ಮಾವನೇ. ತಾಯಂದಿರಿಗೆ ನಾ ಹೇಳ್ತೆ. ನೀವು ಹೇಳಿದ್ರೆ ಆಗೂದಿಲ್ಲ, ನೀವು ಪೇಪರಿನವ್ರು.”

ಪತ್ರಿಕೆಯಲ್ಲಿ ಬಂದದ್ದು ತಪ್ಪೆಂದು ಹೇಳಬೇಕೆಂದೇ ಹೋಗಿದ್ದೆ. ಹೇಳಿದೆ. ಅವಳು ಬಂಗಡೆಗೆ ಉಪ್ಪು ತುಂಬುತ್ತ, “ಆತು, ಬಿಡಿ” ಎಂದಳು.

೨ ಫೆಬ್ರವರಿ

ಸಿಲಿಂಡರು ನಾಲ್ಕು ಬಂದವು. ಪತ್ರ ನಾನೇ ಒಯ್ದು ಸಹಿ ಮಾಡಿಸಿದ್ದೆ. ಬಟ್ಟೆಗಳನ್ನು ಎರಡು ಸಲ ಬೇಯಿಸಲು ಮಾದೇವಿ ಸಿಸ್ಟರಿಗೆ ಹೇಳಿದೆ. “ಇದು ಎಂತ ಹೊಸತು, ನಿಮ್ಮ ಮನೆ ಮದುವೆಯಾ?” ಎಂದರು.

೬ ಫೆಬ್ರವರಿ

ಬೆಳ್ಳಿಗೆ ನೆಗಡಿ ಎಂದು ಕುಪ್ಪ ಹೇಳಿಕಳಿಸಿದ. ಇನ್ನು ನಾಲ್ಕೇ ದಿನ. ಕಚೇರಿ ಕೆಲಸ ಸಾಗಲಿಲ್ಲ.

೮ ಫೆಬ್ರವರಿ

ನೆಗಡಿ ಕಡಿಮೆಯಂತೆ. ಮೂಗು ಒಣಗಿದೆ, ಜ್ವರವಿಲ್ಲ. ಮೂರು ಸಲ ಹೇಳಿಕಳಿಸಿ ಖಚಿತ ಮಾಡಿಕೊಂಡೆ.

೧೦ ಫೆಬ್ರವರಿ, ಶನಿವಾರ

ಆರೂವರೆಯ ಲಾಂಚು. ಹೊಳೆ ಶಾಂತವಾಗಿತ್ತು. ಪಟ್ಟಿಯ ಆರು ಮಕ್ಕಳಲ್ಲಿ ಐದು ನಮ್ಮ ಲಾಂಚಿನಲ್ಲಿ. ಶಿವನೂ ಭಟ್ಕಳದ ಹುಡುಗನೂ ಮತ್ತೆ ಬಂದಿದ್ದರು. ಕಾಯಿ ಎರಡು. ಗಣಪಿ ಹಲಗೆಯಿಂದ ಹಲಗೆಗೆ ಹೋಗಿ ತಾಯಂದಿರ ಕಿವಿಯಲ್ಲಿ ಮಾತಾಡಿದಳು. ಭಟ್ಕಳದ ತಾಯಿ ನನ್ನ ಕಡೆ ನೋಡಿ ಸೆರಗು ಬಾಯಿಗೆ ಒತ್ತಿ ನಕ್ಕಳು, ಆಮೇಲೆ ಒಪ್ಪಿದಳು.

ನಡುಹೊಳೆಯಲ್ಲಿ ಕುಪ್ಪ ವೇಗ ತಗ್ಗಿಸಿದ. ಕಾಯಿ ಒಡೆಯಿತು. ನೀರಿಗೆ ಬಿದ್ದ ಚೂರು ಸ್ವಲ್ಪ ದೂರ ತೇಲಿ ಅಳಿವೆಯ ಕಡೆ ತಿರುಗಿತು. ಗಣಪಿ ಒಂದೊಂದು ಮಗುವಿನ ತುಟಿಗೆ ಚೂರು ಮುಟ್ಟಿಸಿ ನನ್ನ ಬಾಯಿಗೆ ಹಾಕಿದಳು. ಎರಡು ಕಾಯಿಯವರದೂ ಸೇರಿ ಹತ್ತು ಚೂರು, ಬೆಲ್ಲ ಬೇರೆ. ಹಸಿದ ಐದು ಮಕ್ಕಳು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಇಷ್ಟು ಕಷ್ಟಪಟ್ಟು ಏನನ್ನೂ ನುಂಗಿಲ್ಲ. ಶಿವ ಜೋರಾಗಿ ಅತ್ತ. ಬೆಳ್ಳಿ ಅಳಲಿಲ್ಲ. “ಅಜ್ಜಿ, ಅವ್ರು ನನ್ನದೂ ತಿಂದ್ರು” ಎಂದಳು.

“ಮಾವ ಅದು. ಮಾವ ತಿಂದ್ರೆ ನೀ ತಿಂದ ಹಾಗೆ.”

ಬೆಳ್ಳಿ ನಂಬಲಿಲ್ಲ. ನಾನು ಅವಳ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಐದು ಬಾಯಿಗಳನ್ನೂ ಸಿಸ್ಟರ್ ನೋಡಿದರು. ಐದೂ ಖಾಲಿ.

ಬೆಳ್ಳಿ ಮೂರನೆಯವಳು. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ಆಯಿತು, ‘ಆಡಳಿತಾತ್ಮಕ’ ಎಂದುಕೊಂಡೆ. ಒಳಗಿನಿಂದ ಡಾಕ್ಟರ ದನಿ: “ಕೈ ತೊಳೆದ ಒಬ್ಬರು ಬೇಕು, ಟಾರ್ಚ್ ಹಿಡಿಯಲಿಕ್ಕೆ. ಕಾರಕೂನರನ್ನು ಕಳಿಸಿ.” ಸಿಸ್ಟರ್ ನನ್ನ ಕೈ ತೊಳೆಸಿ, ಅಂಗಿ ತೊಡಿಸಿ, ಮೂಗು ಬಾಯಿ ಕಟ್ಟಿ, ನಾಲ್ಕು ಸೆಲ್ಲಿನ ಟಾರ್ಚು ಕೊಟ್ಟರು.

ಮೊದಲು ನೋಡಿದ್ದು ರಬ್ಬರಿನ ಚೀಲ. ಡಾಕ್ಟರಮ್ಮನ ಕೈಯಲ್ಲಿ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಅದು ಬೆಳ್ಳಿಯ ಉಸಿರು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಒಂದು ಚೂರು ಕಾಯಿ ಸಿಕ್ಕಿಕೊಂಡರೆ ನಿಲ್ಲುವುದು ಇದು. ನನ್ನ ಹೊಟ್ಟೆಯಲ್ಲಿ ಆ ಚೂರು ಇತ್ತು.

ಆಮೇಲೆ ಕೈ. ಡಾಕ್ಟರು ಕಲೆಗಟ್ಟಿದ ಚರ್ಮವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡಿಸುತ್ತ ಹೋದರು. ಬೆಳಕು ಕೆಳಗೆ, ಇನ್ನೂ ಕೆಳಗೆ, ಎಂದಷ್ಟೇ ಹೇಳುತ್ತಿದ್ದರು. ಮೊದಲು ತೋರುಬೆರಳು ಎದ್ದಿತು. ನಂತರ ನಡುಬೆರಳು. ಅವು ತಾವಾಗಿಯೇ ಏಳುತ್ತಿವೆಯೇನೋ ಅನ್ನಿಸಿತು. ಹಾಗಲ್ಲ, ಡಾಕ್ಟರು ಎತ್ತಿದ್ದು. ಆದರೂ ಹಾಗೆ ಅನ್ನಿಸಿತು. ಬೆರಳ ತುದಿಗಳು ಬಿಳಿ, ಮೆತ್ತಗೆ, ಒಂದು ಗೆರೆಯೂ ಇಲ್ಲ. ಗಾತ್ರದಲ್ಲಿ ಎಡಗೈಯ ಬೆರಳಿಗಿಂತ ಬಹಳ ಚಿಕ್ಕವು.

“ನೋಡಿದಿರಾ? ಸುಟ್ಟ ದಿನಕ್ಕೇ ನಿಂತುಬಿಟ್ಟಿವೆ” ಎಂದರು ಡಾಕ್ಟರು ತಲೆ ಎತ್ತದೆ. “ಐದು ವರ್ಷದ ಕೈಗೆ ಎರಡು ವರ್ಷದ ಬೆರಳು. ಇನ್ನು ಬೆಳೆಯಲಿ.”

ಮೂರು ವರ್ಷದಿಂದ ಬೆಳಕು ಕಾಣದ ಅಂಗೈ ಟಾರ್ಚಿನ ಕೆಳಗೆ ತೆರೆದುಕೊಂಡಿತು. ಅದಕ್ಕೆ ಬಿದ್ದ ಮೊದಲ ಬೆಳಕನ್ನು ಹಿಡಿದವನು ನಾನು. ಇದು ವಾಸ್ತವ, ಉತ್ಪ್ರೇಕ್ಷೆಯಲ್ಲ. ಬೆಳಕು ಅಲುಗಬಾರದೆಂದು ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದೆ, ಬೆಳ್ಳಿ ಬುಟ್ಟಿ ಹಿಡಿಯುವ ಹಾಗೆ.

ತೊಡೆಯ ಚರ್ಮ ತೆಗೆದು ಅಂಗೈಗೆ ಹೊದಿಸಿದರು. ಕಿರುಬೆರಳು ಪೂರ್ತಿ ನೇರವಾಗಲಿಲ್ಲ, ಆಗುವುದೂ ಇಲ್ಲವಂತೆ. ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು. ಆಮೇಲೆ ಕರೆಂಟು ಬಂತು. ಯಾರಿಗೂ ಅದು ಬೇಕಿರಲಿಲ್ಲ.

ಹೊರಗೆ ಗಣಪಿ ಎದ್ದು ನಿಂತಿದ್ದಳು. ನನ್ನ ಬಾಯಿಗೆ ಬಟ್ಟೆ ಕಟ್ಟಿಯೇ ಇತ್ತು. ನನ್ನ ಬಲಗೈ ಎತ್ತಿ ಮುಷ್ಟಿ ಕಟ್ಟಿ, ನಿಧಾನವಾಗಿ ಬಿಚ್ಚಿ ತೋರಿಸಿದೆ. ಅವಳು ನನ್ನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು, ಬೆಳ್ಳಿಯದೇ ಅದು ಎಂಬ ಹಾಗೆ.

“ತಮಾ” ಎಂದಳು, ಮನೆಯ ಹುಡುಗನನ್ನು ಕರೆಯುವ ಹಾಗೆ.

ಪಟ್ಟಿಯಲ್ಲಿ ಆರು. ಆದದ್ದು ಆರು.

೧೧ ಫೆಬ್ರವರಿ

ಪತ್ರಿಕೆಗೆ ಸುದ್ದಿ ಬರೆಯಲು ಕುಳಿತೆ. ಯಾರು, ಎಲ್ಲಿ, ಯಾವಾಗ, ಎಷ್ಟು, ಎಲ್ಲ ಸಾಲಿನಲ್ಲಿ ಕುಳಿತವು. ಓದಿದರೆ ನಡೆದದ್ದು ಅದರಲ್ಲಿ ಇರಲಿಲ್ಲ. ಮೂರು ಸಲ ಬರೆದು ಹರಿದೆ.

೧೩ ಫೆಬ್ರವರಿ

ಅಧ್ಯಕ್ಷರು ಆರಕ್ಕೆ ಆರು ಎಂಬುದನ್ನು ರಿಜಿಸ್ಟರಿನಲ್ಲಿ ಎರಡು ಸಲ ನೋಡಿದರು. ಮಾರ್ಚ್ ತಿಂಗಳಿಗೂ ಡಾಕ್ಟರಿಗೆ ಬರೆಯಲು ಹೇಳಿದರು. “ಅಂತೂ ಜನಕ್ಕೆ ಬುದ್ಧಿ ಬಂತು” ಎಂದರು. ಯಾರಿಗೆ ಎಂದು ನಾನು ಕೇಳಲಿಲ್ಲ. ಪತ್ರ ಅದೇ ದಿನ ಟಪಾಲಿಗೆ ಹೋಯಿತು.

೨೪ ಫೆಬ್ರವರಿ

ಬೆಳ್ಳಿಯ ಕೈಯ ಪಟ್ಟಿ ಬಿಚ್ಚಿದರು. ಹೊದಿಸಿದ ಚರ್ಮ ಹಿಡಿದಿದೆ. ಮೊದಲು ಅವಳು ಕೈ ನೋಡಲೇ ಒಪ್ಪಲಿಲ್ಲ. ನೋಡಿದ ಮೇಲೆ, “ಇದು ಯಾರದ್ದು?” ಎಂದು ಕೇಳಿದಳು.

೧೦ ಮಾರ್ಚ್, ಶನಿವಾರ

ಆರೂವರೆಯ ಲಾಂಚು. ಪಟ್ಟಿಯಲ್ಲಿ ಏಳು ಮಕ್ಕಳು, ಲಾಂಚಿನಲ್ಲಿ ಮೂರು. ನಿನ್ನೆ ಸಂಜೆ ಊಟ ಕಡಿಮೆ ಮಾಡಿದ್ದೆ.

ಗಣಪಿ ಮತ್ತು ಬೆಳ್ಳಿಯೂ ಬಂದಿದ್ದರು, ಡಾಕ್ಟರಿಗೆ ಕೈ ತೋರಿಸಲು. ದಿನಕ್ಕೆ ನೂರು ಸಲ ಬೆರಳು ಮಡಚಿ ಬಿಡಿಸಬೇಕೆಂದು ಡಾಕ್ಟರು ಹೇಳಿದ್ದರು. ಬೆಳ್ಳಿಗೆ ಹತ್ತರ ಮೇಲೆ ಎಣಿಸಲು ಬಾರದ್ದರಿಂದ ಬಂಗಡೆ ಎಣಿಸಿ ಮಾಡುತ್ತಾಳಂತೆ.

ನಡುಹೊಳೆಯಲ್ಲಿ ಕುಪ್ಪ ವೇಗ ತಗ್ಗಿಸಿದ. ಕಾಯಿ ಒಡೆದವಳು ಹೊಸ ತಾಯಿ, ಅಪ್ಸರಕೊಂಡದವಳು. ಮಕ್ಕಳ ತುಟಿಗೆ ಮುಟ್ಟಿಸಿದ ಚೂರುಗಳನ್ನು ಎಲೆಯಲ್ಲಿಟ್ಟು ನನ್ನ ಕಡೆ ಚಾಚಿದಳು. ನಾನು ಕೈ ನೀಡುವ ಮೊದಲೇ ಬೆಳ್ಳಿ ಎದ್ದು ಬಂದು ಎಲೆಯನ್ನು ಎಡಗೈಯಲ್ಲಿ ತೆಗೆದುಕೊಂಡಳು. ಬಲಗೈ ಅದರ ಮೇಲೆ ತಂದಳು. ಹೆಬ್ಬೆರಳು ಮತ್ತು ಆ ಚಿಕ್ಕ ತೋರುಬೆರಳು ಒಂದು ಚೂರಿನ ಎರಡು ಬದಿಗೆ ಬಂದು ನಿಂತವು.

ಚೂರು ಜಾರಿತು. ಗಣಪಿ ಸಹಾಯಕ್ಕೆ ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡಳು. ಎರಡನೆಯ ಸಲವೂ ಜಾರಿತು. ಕುಪ್ಪ ಯಂತ್ರವನ್ನು ಪೂರ್ತಿ ನಿಲ್ಲಿಸಿದ. ನೀರು ಲಾಂಚಿನ ಬದಿಗೆ ಬಡಿಯುವ ಸದ್ದು ಕೇಳುತ್ತಿತ್ತು.

ಮೂರನೆಯ ಸಲ ಜಾರಲಿಲ್ಲ.

“ಮಾವಾ” ಎಂದಳು ಬೆಳ್ಳಿ, “ಬಾಯಿ ತೆಗಿ.”

ತೆಗೆದೆ.